ಟಿಕೆಟ್ಟಿನ ರಿಯಾಯಿತಿ, ಮೆಟ್ಟಿಲಿನ ವೆಚ್ಚ

ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೇಲೂರು, ಹಳೇಬೀಡು ನೋಡಬರುವವರಿಗೆ ಅರಸೀಕೆರೆ ಜಂಕ್ಷನ್ ಹೆಬ್ಬಾಗಿಲಿನಂತಿದೆ. ಅವೆರಡು ಊರುಗಳಿಗೆ ರೈಲು ಇನ್ನೂ ತಲುಪದಿರುವುದರಿಂದ ಇಲ್ಲಿ ಇಳಿದು ಬಸ್ಸು ಹಿಡಿಯುವುದು ವಾಡಿಕೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ರೈಲ್ವೆಯು ಸ್ಲೀಪರ್ ದರ್ಜೆಯಲ್ಲಿ ಶೇ. 75ರಷ್ಟು ರಿಯಾಯಿತಿ ನೀಡುತ್ತದೆ. ಜೊತೆಗಾರರಿಗೂ ಅಷ್ಟೇ ರಿಯಾಯಿತಿಯುಂಟು. ರಾಜ್ಯ ರಸ್ತೆ ಸಾರಿಗೆ ನಿಗಮವೂ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ವಾರ್ಷಿಕ ರಿಯಾಯಿತಿ ಪಾಸು ನೀಡುತ್ತ ಬಂದಿದೆ. ಆದರೆ ಪಾಸು ಕೈಯಲ್ಲಿದ್ದ ಮಾತ್ರಕ್ಕೆ ಬಸ್ಸು ಹತ್ತಿದಂತಾಗಲಿಲ್ಲ.

ಸಾಮಾನ್ಯ ಬಸ್ಸಿನ ಒಳನೆಲವು ರಸ್ತೆಯಿಂದ ಸುಮಾರು 900 ಮಿ.ಮೀ. ಎತ್ತರದಲ್ಲಿರುತ್ತದೆ; ತಗ್ಗು ನೆಲದ ಬಸ್ಸಿನಲ್ಲಿ 400 ಮಿ.ಮೀ. ಮಾತ್ರ. ಗಾಲಿಕುರ್ಚಿಯವರನ್ನು ಇಬ್ಬರು ಎತ್ತಿ ಒಳಗಿಡಬೇಕು, ಇಲ್ಲವೇ ಅವರು ಬಾಡಿಗೆ ಕಾರು ಮಾಡಬೇಕು. ರೈಲಿನಲ್ಲಿ ಉಳಿದ ಹಣ ಕಾರಿಗೆ ಸಂದಾಯವಾಗುತ್ತದೆ. ಈ ವೆಚ್ಚವು ಯಾವ ನಿಗಮದ ಜಮಾಖರ್ಚಿನಲ್ಲಿಯೂ ಕಾಣದು. ಅದನ್ನು ಹೊರುವುದು ಕುಟುಂಬ.

ಪ್ರವಾಸಿಗಾದರೋ ಇದು ಒಂದು ದಿನದ ಮಾತು. ಕೊಬ್ಬರಿ ವ್ಯಾಪಾರಕ್ಕೆ ಹೆಸರಾದ ಅರಸೀಕೆರೆಯ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಕಾಲಿನ ಬಲ ಬೇಕಿಲ್ಲ; ಹಳ್ಳಿಯಿಂದ ಪ್ರತಿದಿನ ಬಸ್ಸು ಹತ್ತುವುದಕ್ಕೆ ಬೇಕು. 2011ರ ಜನಗಣತಿಯಂತೆ ರಾಜ್ಯದಲ್ಲಿ ಸುಮಾರು 13.24 ಲಕ್ಷ ಅಂಗವಿಕಲರಿದ್ದರು. ಅವರಲ್ಲಿ ಚಲನವೈಕಲ್ಯವುಳ್ಳವರೇ ಸುಮಾರು 2.7 ಲಕ್ಷ.

ಕಾನೂನಿನ ಕೊರತೆಯಂತೂ ಇಲ್ಲ. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು ಆದ್ಯತಾ ಆಸನ, ಊರುಗೋಲು ಇಡುವ ವ್ಯವಸ್ಥೆ, ಗಾಲಿಕುರ್ಚಿಯ ಪ್ರವೇಶ ಹಾಗೂ ಅದನ್ನು ಭದ್ರಪಡಿಸುವ ಏರ್ಪಾಟುಗಳನ್ನು ವಿಧಿಸಿ 2020ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಉಬ್ಬುತಗ್ಗಿನ ಗ್ರಾಮಾಂತರ ರಸ್ತೆಗೆ ತಗ್ಗು ನೆಲದ ಬಸ್ಸು ಒಗ್ಗದೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಹಾಗಿದ್ದಲ್ಲಿ ಬಸ್ಸನ್ನು ತಗ್ಗಿಸುವ ಬದಲು ನಿಲ್ದಾಣವನ್ನು ಎತ್ತರಿಸಬಹುದು. 2020ರಲ್ಲಿ ಉದ್ಘಾಟನೆಗೊಂಡ ಹುಬ್ಬಳ್ಳಿ-ಧಾರವಾಡದ ‘ಚಿಗರಿ’ ಸೇವೆಯಲ್ಲಿ ನಿಲ್ದಾಣದ ಕಟ್ಟೆಯನ್ನು ಬಸ್ಸಿನ ಒಳನೆಲದ ಮಟ್ಟಕ್ಕೇ ಕಟ್ಟಲಾಯಿತು. ಇಳಿಜಾರಿನ ಅಂಗೀಕೃತ ಪ್ರಮಾಣ 1:12. ಆ ಲೆಕ್ಕದಲ್ಲಿ 900 ಮಿ.ಮೀ. ಎತ್ತರದ ಕಟ್ಟೆಗೆ 10.8 ಮೀಟರ್ ಉದ್ದದ ಇಳಿಜಾರು, ನಡುವೆ ತಂಗಲು ಸಮತಟ್ಟು ಸ್ಥಳ, ಬಸ್ಸಿಗೆ ಮೆಟ್ಟಿಲಿಲ್ಲದ ಒಂದು ಬಾಗಿಲು ಸಾಕು. ಇದು ಅಸಾಧ್ಯವಾದ ಬಂಡವಾಳವೇನಲ್ಲ.

ಇದು ಸರ್ಕಾರದ ಕೆಲಸವೆಂದು ವರ್ತಕರು ಸುಮ್ಮನಿರುವಂತಿಲ್ಲ. ಸಾರ್ವಜನಿಕರು ಬಳಸುವ ಖಾಸಗಿ ವಾಣಿಜ್ಯ ಕಟ್ಟಡಗಳೂ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ವ್ಯಾಪ್ತಿಗೆ ಸೇರುತ್ತವೆ. ಉಲ್ಲಂಘನೆಗೆ ಮೊದಲ ಬಾರಿ ರೂ. 10,000ದವರೆಗೆ, ಆನಂತರ ರೂ. 50,000ದಿಂದ 5 ಲಕ್ಷದವರೆಗೆ ದಂಡವುಂಟು. ಪ್ರವೇಶಾನುಕೂಲದ ಮಾನದಂಡಗಳನ್ನು ಕೇವಲ ಶಿಫಾರಸಿನ ರೂಪದಲ್ಲಿಟ್ಟಿದ್ದ 15(1)ನೇ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪಿತ್ತು, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ವಿಧಿಸಿತು. ವಸತಿಗೃಹ, ಹೋಟೆಲು ಕಟ್ಟಿಸುವವರು ನಕ್ಷೆಯ ಹಂತದಲ್ಲಿಯೇ ಇಳಿಜಾರನ್ನು ಸೇರಿಸಿಕೊಂಡರೆ ಅಗ್ಗ. ಮೆಟ್ಟಿಲು ಒಡೆದು ಕಟ್ಟುವುದು ದುಬಾರಿ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದ ಊರುಗಳಿಂದ ಬರುವವರಲ್ಲಿ ಮಂಡಿನೋವಿನ ಹಿರಿಯರೂ ಇರುತ್ತಾರೆ. ಅವರಿಗೂ ಬಸ್ಸಿನ ಮೊದಲ ಮೆಟ್ಟಿಲು ಎತ್ತರವೇ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇಂಥ ಒಂದು ಅಂಕಣ, ರೈಲಿನ ವೇಳೆಗೆ ಹೊಂದುವಂತೆ ಹಳೇಬೀಡಿನ ಮೂಲಕ ಬೇಲೂರಿಗೆ ಹೋಗಿಬರುವ ಒಂದು ಬಸ್ಸು: ಸ್ಥಳೀಯ ವರ್ತಕರು ನಿಗಮದ ಮುಂದಿಡಬಹುದಾದ ಮೊದಲ ಬೇಡಿಕೆ ಇಷ್ಟೇ.