ಇಂಧನದ ಒತ್ತಡ ಮತ್ತು ಅದರ ನಿದಾನ

ಡೀಸೆಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಎರಡು ಬಗೆಯ ಒತ್ತಡಗಳುಂಟು. ಸಿಲಿಂಡರಿನೊಳಗಿನ ಕಾದ ಗಾಳಿಗೆ ತೈಲವನ್ನು ಸೂಕ್ಷ್ಮ ಕಣಗಳಾಗಿ ಸಿಡಿಸುವ ಪ್ರಚಂಡ ಒತ್ತಡ ಒಂದು. ಟ್ಯಾಂಕಿನ ತಳದಲ್ಲಿರುವ ತೈಲವನ್ನು ಎತ್ತಿ, ಫಿಲ್ಟರ್ ದಾಟಿಸಿ, ಆ ಪ್ರಚಂಡ ಪಂಪಿನ ಬಾಯಿಗೆ ಮುಟ್ಟಿಸುವಷ್ಟು ಮಾತ್ರವೇ ಶಕ್ತವಾದ ಅಲ್ಪ ಒತ್ತಡ ಇನ್ನೊಂದು. ಕೀರ್ತಿಯೆಲ್ಲ ಮೊದಲನೆಯದಕ್ಕೆ ಸಂದಿದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಲೋಕಕ್ಕೆ ತೋರಿಸಿದಾಗ ತೈಲವನ್ನು ಒಳಕ್ಕೆ ಊದಲು ಸಂಪೀಡಿತ ವಾಯುವನ್ನೇ ಆಶ್ರಯಿಸಬೇಕಾಗಿತ್ತು. 1927ರಲ್ಲಿ ಬಾಷ್ ಕಾರ್ಖಾನೆ ಇಂಜೆಕ್ಷನ್ ಪಂಪುಗಳನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆ ಆ ಉಪದ್ರವ ತಪ್ಪಿ, ಡೀಸೆಲ್ ಎಂಜಿನ್ನು ಲಾರಿಗಳಲ್ಲಿ ಸಲೀಸಾಗಿ ನೆಲೆಯೂರಿತು. ಬೆಂಗಳೂರಿಗೆ ಈ ಪಂಪು ಅಪರಿಚಿತವಲ್ಲ: 1951ರಲ್ಲಿ ಸ್ಥಾಪಿತವಾದ ಮೈಕೊ ಸಂಸ್ಥೆ ಆಡುಗೋಡಿಯಲ್ಲಿ ಇಂಥವನ್ನೇ ತಯಾರಿಸುತ್ತ ಒಂದು ಬಡಾವಣೆಗೆ ತನ್ನ ಹೆಸರನ್ನೂ ಕೊಟ್ಟಿತು. ಆದರೆ ಎರಡನೆಯ ಒತ್ತಡವನ್ನು ಹುಟ್ಟಿಸುವ ಲಿಫ್ಟ್ ಪಂಪನ್ನು, ಅದು ಕೈಕೊಡುವವರೆಗೆ, ವಿಚಾರಿಸುವವರೇ ವಿರಳ.

ಈ ಉಪೇಕ್ಷೆಯ ಫಲವನ್ನು ಅರಿಯಲು 1998ರ ನಡುವಿನಿಂದ 2002ರವರೆಗೆ ಅಮೆರಿಕದಲ್ಲಿ ಮಾರಾಟವಾದ ಡಾಡ್ಜ್ ರ‍್ಯಾಮ್ ಪಿಕಪ್ಪಿಗಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಅದರಲ್ಲಿದ್ದುದು ಕಮಿನ್ಸ್‌ನ 5.9 ಲೀಟರಿನ, 24 ವಾಲ್ವುಗಳ ಎಂಜಿನ್ನು. ಅದಕ್ಕೆ ಬಾಷ್‌ನ ವಿಪಿ44 ಎಂಬ ಇಂಜೆಕ್ಷನ್ ಪಂಪು. ಹಿಂದಿನ 12 ವಾಲ್ವುಗಳ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿನಿಂದಲೇ ನಡೆಯುತ್ತಿದ್ದ ಲಿಫ್ಟ್ ಪಂಪಿನ ಸ್ಥಾನಕ್ಕೆ ವಿದ್ಯುತ್ತಿನಿಂದ ತಿರುಗುವ ಪುಟ್ಟ ಪಂಪೊಂದು ಬಂದಿತು. ಅದನ್ನು ಟ್ಯಾಂಕಿನ ಬಳಿ ಇರಿಸದೆ ಎಂಜಿನ್ನಿನ ಮಗ್ಗುಲಿಗೇ ಬಿಗಿದರು. ಇಂಥ ಪಂಪು ತೈಲವನ್ನು ಮುಂದಕ್ಕೆ ತಳ್ಳುವುದರಲ್ಲಿ ಸಮರ್ಥವೇ ಹೊರತು ದೂರದಿಂದ ಹೀರುವುದರಲ್ಲಿ ಅಲ್ಲ. ತೈಲದಿಂದ ದೂರದಲ್ಲಿ, ಎಂಜಿನ್ನಿನ ಕಾವು ಕಂಪನಗಳ ನಡುವೆ ಅದನ್ನು ಕೂರಿಸಿದ್ದು ವಿವೇಕದ ಕೆಲಸವೆಂದು ನಾನಂತೂ ಒಪ್ಪಲಾರೆ. ಮುಂದೆ ಟ್ಯಾಂಕಿನೊಳಗೇ ಮುಳುಗಿರುವ ಪಂಪನ್ನು ಬದಲಿಯಾಗಿ ಒದಗಿಸಿದ್ದನ್ನು ನೋಡಿದರೆ ತಯಾರಕರಿಗೂ ಅದು ಮನವರಿಕೆಯಾಗಿರಬೇಕು.

ವಿಪಿ44 ಪಂಪಿಗೆ ಬೇರೆ ಕೀಲೆಣ್ಣೆಯಿಲ್ಲ. ಒಳಗೆ ಹಾಯುವ ಡೀಸೆಲೇ ಅದರ ಸವೆತವನ್ನು ತಡೆಯಬೇಕು, ಡೀಸೆಲೇ ಅದರ ಕಾವನ್ನು ಹೊತ್ತೊಯ್ಯಬೇಕು. ಉರಿಯಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ತೈಲ ಅದರೊಳಗೆ ಹರಿದು ಟ್ಯಾಂಕಿಗೆ ಮರಳುವುದು ಇದಕ್ಕಾಗಿಯೇ. ಆದುದರಿಂದ ಲಿಫ್ಟ್ ಪಂಪು ಸೊರಗಿದಾಗ ಮೊದಲು ಕುಂದುವುದು ಎಂಜಿನ್ನಿನ ಬಲವಲ್ಲ, ಬೆಲೆಬಾಳುವ ಇಂಜೆಕ್ಷನ್ ಪಂಪಿನ ಆಯುಷ್ಯ. ಅದಕ್ಕಿಂತ ವಿಚಿತ್ರವೆಂದರೆ, ವಿಪಿ44ರೊಳಗೆ ತೈಲವನ್ನು ತಾನೇ ಸೆಳೆದುಕೊಳ್ಳಬಲ್ಲ ಇನ್ನೊಂದು ಸಣ್ಣ ಪಂಪು ಇರುವುದರಿಂದ, ಲಿಫ್ಟ್ ಪಂಪು ಪೂರ್ಣವಾಗಿ ಸತ್ತ ಮೇಲೂ ಗಾಡಿ ಓಡುತ್ತಲೇ ಇರಬಹುದು! ಬೆಳಿಗ್ಗೆ ಸ್ಟಾರ್ಟ್ ಆಗಲು ತುಸು ತಡ, ಏರಿನಲ್ಲಿ ತುಸು ಜಗ್ಗು. ಇಷ್ಟನ್ನು ಬಿಟ್ಟರೆ ಚಾಲಕನಿಗೆ ಬೇರೆ ಸೂಚನೆ ದೊರೆಯದು.

ಹೀಗಿರುವಾಗ ಕಿವಿಯನ್ನಾಗಲಿ ಅನುಭವವನ್ನಾಗಲಿ ನಂಬದೆ ಗೇಜನ್ನು ಜೋಡಿಸುವುದೇ ಮಾರ್ಗ. ಅದನ್ನು ಜೋಡಿಸಬೇಕಾದ ಸ್ಥಳ ಫಿಲ್ಟರಿನ ಆಚೆ, ಇಂಜೆಕ್ಷನ್ ಪಂಪಿನ ಬಾಯಲ್ಲಿ. ಎಂಜಿನ್ನು ಸುಮ್ಮನೆ ನಿಂತು ತಿರುಗುವಾಗ ಚದರ ಅಂಗುಲಕ್ಕೆ 10 ಪೌಂಡಿಗೆ ಕಡಿಮೆಯಿರಬಾರದು. ಪೂರ್ಣ ಭಾರ ಹೊತ್ತು ಏರು ಹತ್ತುವಾಗಲೂ 5ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ಈ ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕುಗಳಲ್ಲಿ ರೂಢವಾದ ಲೆಕ್ಕ. ಎರಡನೆಯ ಅಳತೆಯನ್ನು ಬಿಟ್ಟವನು ಮೋಸಹೋಗುತ್ತಾನೆ. ಮನೆಯ ಮೇಲಿನ ತೊಟ್ಟಿಯಿಂದ ಇಳಿದ ಕೊಳಾಯಿಯಲ್ಲಿ ಕಸ ಕಟ್ಟಿದ್ದರೂ, ನಲ್ಲಿ ಮುಚ್ಚಿರುವವರೆಗೆ ನೀರಿನ ಒತ್ತಡ ಪೂರ್ಣವಾಗಿಯೇ ಇರುತ್ತದೆ. ಕೊರತೆ ಬಯಲಾಗುವುದು ನಲ್ಲಿ ತಿರುಗಿಸಿ ನೀರು ಹರಿಯತೊಡಗಿದ ಮೇಲೆ. ಒತ್ತಡವೆಂಬುದು ಪಂಪಿನ ಗುಣವೊಂದನ್ನೇ ಹೇಳದೆ, ಪಂಪು ಕೊಡುವುದಕ್ಕೂ ಎಂಜಿನ್ನು ಬೇಡುವುದಕ್ಕೂ ಇರುವ ಸಂಬಂಧವನ್ನು ಹೇಳುತ್ತದೆಯಾದ್ದರಿಂದ, ಬೇಡಿಕೆಯಿಲ್ಲದ ವೇಳೆಯ ಅಂಕಿಗೆ ಬೆಲೆ ಕಡಿಮೆ.

ಅಂಕಿ ಕಡಿಮೆಯೆಂದು ತಿಳಿದ ಕೂಡಲೇ ಪಂಪು ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಕಳಚುವವರೇ ಬಹಳ. ಗೇಜನ್ನು ಫಿಲ್ಟರಿನ ಈಚೆಗೂ ಒಮ್ಮೆ ಜೋಡಿಸಿ ನೋಡಬೇಕು: ಈಚೆ ಯಥೋಚಿತವಿದ್ದು ಆಚೆ ಕುಸಿದಿದ್ದರೆ ಅಪರಾಧಿ ಫಿಲ್ಟರು. ಎರಡೂ ಕಡೆ ಕುಸಿದಿದ್ದರೆ, ಪಂಪಿನ ಕನೆಕ್ಟರಿನಲ್ಲಿ, ಅದು ಕೆಲಸದಲ್ಲಿರುವಾಗಲೇ, ವೋಲ್ಟೇಜನ್ನು ಅಳೆಯಬೇಕು. 12 ವೋಲ್ಟಿಗಿಂತ ಬಹಳ ಕೆಳಗಿದ್ದರೆ ತಂತಿಯೋ ತುಕ್ಕೋ ಕಾರಣ. ವಿದ್ಯುತ್ತು ಸರಿಯಿದ್ದರೆ ಹೀರುವ ಮಗ್ಗುಲನ್ನು ಶೋಧಿಸಬೇಕು. ಟ್ಯಾಂಕಿನ ಜಾಲರಿ ಕಟ್ಟಿರಬಹುದು, ರಬ್ಬರಿನ ಹೋಸಿನ ಒಳಪದರ ಸಡಿಲಗೊಂಡು ದಾರಿಯನ್ನು ಮುಚ್ಚಿರಬಹುದು. ಇಲ್ಲಿನ ಬಿರುಕು ಹೊರಗೆ ಸೋರದಿರುವುದೇ ಕಷ್ಟ: ಒಳಗಿನ ಒತ್ತಡ ವಾತಾವರಣದ್ದಕ್ಕಿಂತ ಕಡಿಮೆಯಿರುವುದರಿಂದ ತೈಲ ಹೊರಬರುವ ಬದಲು ಗಾಳಿ ಒಳಸೇರುತ್ತದೆ, ನೆಲದ ಮೇಲೆ ಒಂದು ಹನಿಯ ಗುರುತೂ ಉಳಿಯದು. ಪಂಪಿಗೆ ಮುನ್ನ ಗೇಣುದ್ದದ ಪಾರದರ್ಶಕ ಹೋಸನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಬೀಳುತ್ತವೆ. ಇವೆಲ್ಲವೂ ನಿರ್ದೋಷವೆಂದು ಕಂಡ ಮೇಲೆ ಪಂಪನ್ನು ಕಳಚಬಹುದು.

ವಿಳಂಬಿಸಿದವರಿಗೆ ಗಾಡಿಯ ಕಂಪ್ಯೂಟರು ಪಿ0216 ಎಂಬ ಸಂಕೇತವನ್ನು ತೋರಿಸುತ್ತದೆ. ತೈಲ ಸಿಡಿಯುವ ಮುಹೂರ್ತವನ್ನು ವಿಪಿ44 ಕಾಯ್ದುಕೊಳ್ಳಲಾರದೆ ಹೋಗಿದೆಯೆಂಬುದು ಅದರ ಅರ್ಥ. ಸಾಮಾನ್ಯವಾಗಿ ಆ ವೇಳೆಗೆ ಒಳಗಿನ ಟೈಮಿಂಗ್ ಪಿಸ್ಟನ್ ಸವೆದಿರುತ್ತದೆ. ಆಗ ಹೊಸ ಇಂಜೆಕ್ಷನ್ ಪಂಪನ್ನು ಕೂರಿಸಿ, ಲಿಫ್ಟ್ ಪಂಪಿನ ಒತ್ತಡವನ್ನು ಪರೀಕ್ಷಿಸದೆ ಗಾಡಿಯನ್ನು ಬಿಟ್ಟುಕೊಟ್ಟರೆ ಹೊಸದಕ್ಕೂ ಅದೇ ಗತಿ. ಬಲ್ಲ ಮಾಲೀಕರು ಇದನ್ನರಿತೇ ಚಾಲಕನ ಕಣ್ಣೆದುರಿಗೆ ಶಾಶ್ವತವಾಗಿ ಒಂದು ಗೇಜನ್ನು ಹಾಕಿಸಿಕೊಳ್ಳುತ್ತಾರೆ. ಆದರೆ ಡೀಸೆಲ್ ತುಂಬಿದ ನಳಿಕೆಯನ್ನು ಕ್ಯಾಬಿನಿನೊಳಕ್ಕೆ ತರುವುದು ಅಪಾಯವಾದ್ದರಿಂದ, ಎಂಜಿನ್ನಿನ ಬಳಿಯೇ ಸೆನ್ಸರನ್ನಿಟ್ಟು, ಒಳಕ್ಕೆ ತಂತಿಯನ್ನು ಮಾತ್ರ ಎಳೆಸುತ್ತಾರೆ.