ಅಟ್ಟದ ಮೇಲಿನ ರೇಡಿಯೊಗೆ ಮತ್ತೆ ದನಿ

ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದು 1969ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಈ ಸೀಮೆಯ ಹಳ್ಳಿಗಳಲ್ಲಿ ರೇಡಿಯೊ ಎಂದರೆ ಶೆಲ್ಲು ಹಾಕುವ ಟ್ರಾನ್ಸಿಸ್ಟರೇ. ಕರೆಂಟಿಲ್ಲದ ಮನೆಗೂ ಹೊಲದ ಬದುವಿಗೂ ಅದು ಹೆಗಲೇರಿ ಹೋಗುತ್ತಿತ್ತು. ಚರ್ಮದ ಕವಚ ಹೊದ್ದ ಅಂಥ ಸೆಟ್ಟುಗಳು ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಸಿಗುತ್ತವೆ. ರಿಪೇರಿಯನ್ನು ಹವ್ಯಾಸವಾಗಿ ಕಲಿಯಹೊರಟವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ನಾಲ್ಕು ಶೆಲ್ಲಿನ ಸೆಟ್ಟಿನಲ್ಲಿರುವುದು ಬರೀ 6 ವೋಲ್ಟ್. ಕೈ ತಗುಲಿದರೂ ಶಾಕ್ ಹೊಡೆಯುವುದಿಲ್ಲ. ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಹಾಗಲ್ಲ. ಅದರೊಳಗೆ 200 ವೋಲ್ಟಿಗೂ ಹೆಚ್ಚು ಇರುವುದುಂಟು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಕೆಲವು ಮಾದರಿಗಳಲ್ಲಂತೂ ಒಳಗಿನ ಲೋಹದ ತಟ್ಟೆಗೇ ಮನೆಯ ಕರೆಂಟು ನೇರವಾಗಿ ತಾಗಿರುತ್ತದೆ. ನೋಡಲು ಎಷ್ಟೇ ಚೆಂದವಿರಲಿ, ಕಲಿಯುವವರು ಒಬ್ಬರೇ ಕೂತು ಅದನ್ನು ಬಿಚ್ಚಬಾರದು.

ಟ್ರಾನ್ಸಿಸ್ಟರಿನ ಹಿಂಬದಿ ಬಿಚ್ಚಿದರೆ ಮೊದಲು ಕಾಣುವುದು ಶೆಲ್ಲಿನ ಸ್ಪ್ರಿಂಗು. ಅದರ ಮೇಲೆ ಹಸಿರೋ ಬಿಳಿಯೋ ಹುಡಿ ಕಟ್ಟಿದ್ದರೆ ಎಂದೋ ಶೆಲ್ಲು ಸೋರಿದೆ ಎಂದರ್ಥ. ಪಾಲಿಶ್ ಪೇಪರಿನಿಂದ ಉಜ್ಜಿ ಹೊಳಪು ಬರಿಸಿದರೆ ಕೆಲವು ಸೆಟ್ಟುಗಳು ಅಷ್ಟಕ್ಕೇ ಮಾತಾಡುತ್ತವೆ. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಒಳಗೆ ದೂಳು ಕೂತಿದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಇಪ್ಪತ್ತು ಸಲ ಹಿಂದೆ ಮುಂದೆ ತಿರುಗಿಸಬೇಕು. ದೋಣಿಯ ಇಂಜಿನ್ನಿನಂತೆ ಪುಟಪುಟ ಸದ್ದು ಬರುತ್ತಿದ್ದರೆ ಗುಮಾನಿ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೇಲೆ. ಹೊಸದರ ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಬೇಕು, ವೋಲ್ಟ್ ಕಡಿಮೆ ಇರಬಾರದು, ಪ್ಲಸ್ಸು ಮೈನಸ್ಸು ಅದಲುಬದಲಾಗಬಾರದು. ಬೆಸುಗೆ ಬಿಡಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಇರಲಿ. 25 ವಾಟಿನ ಸೋಲ್ಡರಿಂಗ್ ಕಡ್ಡಿ, ಒಂದು ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರುಗಳು: ಶುರುವಿಗೆ ಇಷ್ಟು ಸಾಕು.

ಪರೀಕ್ಷೆಗೆ ಧಾರವಾಡ ಆಕಾಶವಾಣಿ ಇದ್ದೇ ಇದೆ. 1950ರ ಜನವರಿ 8ರಂದು ಶುರುವಾದ ಈ ಕೇಂದ್ರದ ಮಧ್ಯಮ ತರಂಗ 765 ಕಿಲೋಹರ್ಟ್ಜ್. ಹಳೆಯ ಡಯಲ್ಲುಗಳಲ್ಲಿ ಮೀಟರಿನ ಲೆಕ್ಕವಿದ್ದರೆ 392ರ ಸುತ್ತ, ಅಂದರೆ 400ರ ಪಕ್ಕದಲ್ಲೇ ಹುಡುಕಬೇಕು. ಸೆಟ್ಟಿನೊಳಗಿನ ಕಪ್ಪು ಫೆರೈಟ್ ಕಡ್ಡಿಯೇ ಅದರ ಏರಿಯಲ್. ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ದನಿ ಕುಗ್ಗುತ್ತದೆ, ಅಡ್ಡಲಾಗಿದ್ದರೆ ಏರುತ್ತದೆ. ಧಾರವಾಡ ಗೋಕಾಕಿಗೆ ದಕ್ಷಿಣಕ್ಕಿರುವುದರಿಂದ ಕಡ್ಡಿ ಪೂರ್ವ-ಪಶ್ಚಿಮವಾಗಿರಬೇಕು. ಆಗಲೂ ಗರಗರ ನಿಲ್ಲದಿದ್ದರೆ ರೇಡಿಯೊವನ್ನು ಬೈಯುವ ಮೊದಲು ಮನೆಯ ಎಲ್‌ಇಡಿ ಬಲ್ಬು, ಚಾರ್ಜರುಗಳನ್ನು ಆರಿಸಿ ನೋಡಬೇಕು.

ಎರಡನೆಯ ಪಾಠ ಟೇಪ್ ರೆಕಾರ್ಡರ್. ಈ ಭಾಗದಲ್ಲಿ ಅದರ ಬೆಲೆಯೇ ಬೇರೆ. ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳೆಸಿದ, ಕೌಜಲಗಿ ನಿಂಗಮ್ಮ ಅದನ್ನು ಆಡಿ ಹೆಸರಾದ ನೆಲವಿದು. ಊರ ಆಟವನ್ನೋ ಮನೆಯ ಹಿರಿಯರ ಭಜನೆಯನ್ನೋ ತುಂಬಿಕೊಂಡ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿಯೇ ಇಲ್ಲದಿರಬಹುದು. ದನಿ ದಪ್ಪವಾಗಿ ಎಳೆದೆಳೆದು ಬಂದರೆ ರಬ್ಬರ್ ಬೆಲ್ಟು ಸಡಿಲಾಗಿದೆ. ಅಳತೆಗೆ ಸರಿಯಾದದ್ದು ಹಾಕಿದರೆ ಮುಗಿಯಿತು. ಮಂಕಾಗಿ ಕೇಳಿದರೆ ಹೆಡ್ಡಿನ ಮೇಲಿನ ಕಂದು ಮಸಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಸರಿಹೋಯಿತೇ ಎಂದು ನೋಡಲು ಮೊದಲು ಬೇಡವಾದ ಕ್ಯಾಸೆಟ್ಟನ್ನೇ ಹಾಕಬೇಕು. ಬೇಕಾದದ್ದನ್ನು ಹಾಕುವ ಮುನ್ನ ಅದರ ಬೆನ್ನಿನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಬೇಕು. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಲು ಹೋದರೂ ಅದು ಕೆಳಗಿಳಿಯುವುದಿಲ್ಲ.