ಆಕಾಶಮಾರ್ಗದ ಅಂತರ್ಜಾಲ

1975ನೆಯ ಇಸವಿಯ ಆಗಸ್ಟ್ ತಿಂಗಳಿಂದ ಒಂದು ವರ್ಷಕಾಲ ನಮ್ಮ ಅಹಮದಾಬಾದಿನ ಭೂಕೇಂದ್ರದಿಂದ ದೂರದರ್ಶನದ ಕಾರ್ಯಕ್ರಮಗಳು ಆಕಾಶಕ್ಕೇರುತ್ತಿದ್ದವು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವು ಅವನ್ನು ಗ್ರಹಿಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಇಳಿಸುತ್ತಿತ್ತು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಕನ್ನಡದ ಮಾತು ಗುಜರಾತಿನ ನೆಲದಿಂದ ಮೇಲೇರಿ ಕನ್ನಡನಾಡಿಗೆ ಇಳಿದ ಈ ಸಂಗತಿಯನ್ನು ಇಲ್ಲಿ ಓದುತ್ತಿರುವ ನಾವು ಅರಿತಿರಬೇಕು.

ಆ ಉಪಗ್ರಹವಿದ್ದುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಒಂದು ದಿನ ಬೇಕು. ಭೂಮಿಯೂ ಅಷ್ಟರಲ್ಲಿಯೇ ತಿರುಗುವುದರಿಂದ ಅದು ನಮಗೆ ನಿಂತಲ್ಲಿಯೇ ನಿಂತಂತೆ ತೋರುತ್ತದೆ. ದೂರದರ್ಶನಕ್ಕೆ ಇದು ಬಹಳ ಅನುಕೂಲ. ಆದರೆ ಅಂತರ್ಜಾಲವು ಪ್ರಶ್ನೋತ್ತರದ ವ್ಯವಹಾರ. ನಮ್ಮ ಪ್ರಶ್ನೆ ಏರಬೇಕು, ಇಳಿಯಬೇಕು. ಉತ್ತರವೂ ಏರಬೇಕು, ಇಳಿಯಬೇಕು. ಒಟ್ಟು ಪಯಣ 1,44,000 ಕಿಲೋಮೀಟರ್. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೂ ಅದಕ್ಕೆ ಅರ್ಧ ಸೆಕೆಂಡು ಹಿಡಿಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಇಬ್ಬರು ಮಾತನಾಡುವಾಗ ಪ್ರತಿ ಉತ್ತರವೂ ಅಷ್ಟು ತಡವಾದರೆ ಒಬ್ಬರ ಮಾತಿನ ಮೇಲೆ ಮತ್ತೊಬ್ಬರ ಮಾತು ಬೀಳುತ್ತದೆ.

ಉಪಗ್ರಹವನ್ನು 550 ಕಿಲೋಮೀಟರಿಗೆ ಇಳಿಸಿದರೆ? ನೇರದಾರಿಯ ಲೆಕ್ಕದಲ್ಲಿ ಪಯಣವೆಲ್ಲ 2200 ಕಿಲೋಮೀಟರ್ ಮಾತ್ರ. ಓರೆದಾರಿ, ಯಂತ್ರಗಳ ಕೆಲಸ ಎಲ್ಲವೂ ಸೇರಿದರೂ ತಡವು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಆದರೆ ತೊಡಕು ಬೇರೆಡೆ ಹುಟ್ಟಿತು. ಕೆಳಗಿರುವ ಉಪಗ್ರಹವು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡಲೇಬೇಕು, ಇಲ್ಲವಾದರೆ ಬೀಳುತ್ತದೆ. ನಮ್ಮ ತಲೆಯ ಮೇಲೆ ಅದು ಉಪಯೋಗಕ್ಕೆ ಬರುವುದು ನಾಲ್ಕೈದು ನಿಮಿಷ ಮಾತ್ರ; ಅದಕ್ಕೆ ಕಾಣುವ ನೆಲವೋ ಭೂಮಿಯ ಮೇಲ್ಮೈಯ ಇನ್ನೂರರಲ್ಲಿ ಒಂದು ಪಾಲಿನಷ್ಟು. ಒಂದು ಮುಳುಗುವಷ್ಟರಲ್ಲಿ ಇನ್ನೊಂದು ಮೂಡಬೇಕಾದುದರಿಂದ ನೂರಾರು, ಸಾವಿರಾರು ಉಪಗ್ರಹಗಳು ಬೇಕಾಗುತ್ತವೆ. ಅವುಗಳಲ್ಲಿ ಬಹುಪಾಲು ಸದಾ ಜನವಿಲ್ಲದ ಸಮುದ್ರದ ಮೇಲಿರುತ್ತವೆ! ಸುಮಾರು ಐದು ವರ್ಷಗಳಲ್ಲಿ ಅವುಗಳ ಆಯುಷ್ಯ ತೀರಿ ಹೊಸವನ್ನು ಕಳುಹಿಸಬೇಕು.

ಈ ವೆಚ್ಚವೇ ಮೊದಲಿನವರನ್ನು ಕೆಡವಿತು. 66 ಉಪಗ್ರಹಗಳಿಂದ 1998ರ ನವೆಂಬರಿನಲ್ಲಿ ದೂರವಾಣಿ ಸೇವೆಗೆ ಇಳಿದ ಇರಿಡಿಯಂ ಸಂಸ್ಥೆ 1999ರ ಆಗಸ್ಟಿನಲ್ಲಿ ದಿವಾಳಿಯಾಯಿತು. ಮೇಲೆ ಹೋದ ರಾಕೆಟ್ಟಿನ ಕೆಳಭಾಗವನ್ನು ಮರಳಿ ಇಳಿಸಿ ಮತ್ತೆ ಬಳಸುವ ವಿದ್ಯೆ ಕೈಗೂಡಿದ ಮೇಲೆ ಲೆಕ್ಕ ಬದಲಾಯಿತು. 2022ರ ಅಕ್ಟೋಬರಿನಲ್ಲಿಯೂ 2023ರ ಮಾರ್ಚಿನಲ್ಲಿಯೂ ನಮ್ಮ ಇಸ್ರೋ ಸಂಸ್ಥೆ ಶ್ರೀಹರಿಕೋಟೆಯಿಂದ ಒನ್‌ವೆಬ್ಬಿನ ಒಟ್ಟು 72 ಉಪಗ್ರಹಗಳನ್ನು ಹಾರಿಸಿತು. 2025ರ ಜುಲೈಯಲ್ಲಿ, ನಮ್ಮ ನಗರದ ಬೋಪಲಿನಲ್ಲಿರುವ ಇನ್-ಸ್ಪೇಸ್ ಕಛೇರಿಯು ಸ್ಟಾರ್‌ಲಿಂಕಿನ 4408 ಉಪಗ್ರಹಗಳ ಬಳಗಕ್ಕೆ ಐದು ವರ್ಷಗಳ ಅನುಮತಿ ನೀಡಿತು.

ಸೂರ್ಯನೂ ಇಲ್ಲಿ ಲೆಕ್ಕಕ್ಕೆ ಬರುತ್ತಾನೆ. 2022ರ ಫೆಬ್ರವರಿಯಲ್ಲಿ ಸೌರಪ್ರಕ್ಷೋಭದಿಂದ ಮೇಲಿನ ವಾಯುಮಂಡಲವು ಕಾದು ಉಬ್ಬಿ, ಆಗತಾನೆ ಏರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ನಾಶವಾದವು. ಈ ಸೌರಮಾರುತವನ್ನು ಅಭ್ಯಸಿಸಿ ಹೆಸರಾದವರಲ್ಲಿ ಉಡುಪಿಯ ಕಡೆಯ ಯು. ಆರ್. ರಾವ್ ಒಬ್ಬರು, ಅವರು ಡಾಕ್ಟರೇಟ್ ಪದವಿಗಾಗಿ ದುಡಿದುದು ನಮ್ಮ ನವರಂಗಪುರದ ಭೌತಿಕ ಸಂಶೋಧನಾ ಪ್ರಯೋಗಾಲಯದಲ್ಲಿಯೇ.

ಹಾಗಾದರೆ ನವರಂಗಪುರದ ಮನೆಮನೆಗೂ ಆಕಾಶದಿಂದ ಅಂತರ್ಜಾಲ ಬರಬಹುದೆ? ನಮ್ಮ ಅಭಿಪ್ರಾಯದಲ್ಲಿ ಅದು ಆಗದ ಮಾತು, ಬೇಕಾದುದೂ ಅಲ್ಲ. ಉಪಗ್ರಹದ ಒಂದೊಂದು ಕಿರಣವೂ ಬೀದಿಯ ನಲ್ಲಿಯಿದ್ದಂತೆ: ನಾಲ್ಕು ಮನೆಗಳಿಗೆ ಧಾರಾಳ, ನಾಲ್ಕು ಸಾವಿರ ಮನೆಗಳಿಗೆ ತೊಟ್ಟು ತೊಟ್ಟು. 2011ರ ಜನಗಣತಿಯಲ್ಲಿಯೇ 55 ಲಕ್ಷ ಮೀರಿದ್ದ ಈ ನಗರಕ್ಕೆ ನೆಲದೊಳಗಿನ ಗಾಜಿನ ತಂತಿಯೇ ಸರಿ. ಅದೂ ಅಲ್ಲದೆ, ಆಕಾಶದಲ್ಲಿ ಹೋದ ಸುದ್ದಿಯೂ ಎಲ್ಲೋ ಒಂದು ಭೂಕೇಂದ್ರದಲ್ಲಿ ಇಳಿದು ಅದೇ ತಂತಿಯನ್ನು ಸೇರಬೇಕಲ್ಲವೆ?

ಆದರೆ ಮಲೆನಾಡಿನ ಅಜ್ಜಿಯ ಮನೆಯನ್ನು ನೆನೆಯಿರಿ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅಲ್ಲಿಯ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತಿದ್ದರು. ಕಣಿವೆಗೊಂದರಂತೆ ಐದಾರು ಮನೆಗಳಿರುವಲ್ಲಿ ತಂತಿ ಎಳೆಯುವವರೂ ಇಲ್ಲ, ಗೋಪುರ ಕಟ್ಟುವವರೂ ಇಲ್ಲ. ಆಕಾಶದ ಕಿರಣಕ್ಕೆ ತಕ್ಕ ಸ್ಥಳ ಅದೇ. ಅಲ್ಲಿಯೂ ಅಡ್ಡಿಗಳುಂಟು. ತಟ್ಟೆಗೆ ಬಯಲಾದ ಆಕಾಶ ಬೇಕು; ಅಡಿಕೆಮರದ ಸೋಗೆಯೊಂದು ಅಡ್ಡ ಬಂದರೂ ಸಂಪರ್ಕ ಕಡಿಯಬಹುದು. ಆಷಾಢದ ಜಡಿಮಳೆಯು ಅಲೆಗಳನ್ನು ಹೀರಿಕೊಳ್ಳುತ್ತದೆ. ತಟ್ಟೆಯು 50ರಿಂದ 100 ವಾಟ್ ವಿದ್ಯುತ್ತನ್ನು ಸತತವಾಗಿ ಬೇಡುತ್ತದೆ. ಗಾಳಿಮಳೆಗೆ ಕಂಬ ಬಿದ್ದು ವಾರಗಟ್ಟಲೆ ಕತ್ತಲಾಗುವ ಊರಿನಲ್ಲಿ ಅದನ್ನು ಒದಗಿಸಲು ಬ್ಯಾಟರಿಯೂ ಬೇಕು. ಇವೆಲ್ಲವನ್ನೂ ಒಂದು ಬಡಕುಟುಂಬ ಹೊರಲಾರದು. ಊರಿನ ಶಾಲೆಯ ಮಾಡಿನ ಮೇಲೆ ಒಂದು ತಟ್ಟೆ, ಒಂದು ಬ್ಯಾಟರಿ, ಅಲ್ಲಿಂದ ಸುತ್ತಣ ಮನೆಗಳಿಗೆ ತಂತಿ: ಇಷ್ಟಾದರೆ ವೆಚ್ಚ ಹಂಚಿಹೋಗುತ್ತದೆ, ಮಕ್ಕಳು ಗುಡ್ಡ ಹತ್ತುವುದೂ ತಪ್ಪುತ್ತದೆ.